ಕೊನೇ ಕೊಪ್ಪರಿಗೆಯ ಉಪ್ಪು

“ಗುರುಗಳೇ, ಸತ್ತೋರು ಅರ್ಧಕ್ಕೇ ಬಿಟ್ಟ ಕತೆಗೆ ಬದುಕಿರೋರು ಒಂದು ಕೊನೆ ಸೇರಿಸಿ, ಅದನ್ನೂ ಸತ್ತೋರೇ ಬರೆದಿದ್ದು ಅಂತ ಓದಿ ಹೇಳಿದ್ರೆ ತಪ್ಪಾಗುತ್ತಾ?”

ರಂಗಧಾಮ ಈ ಪ್ರಶ್ನೇನ ಬಸ್ಸಲ್ಲಿ ದಾರಿಯುದ್ದಕ್ಕೂ ತಿದ್ದಿ ತೀಡಿ ತಂದಿದ್ದ. ಹೊರಟಾಗ ಅದರಲ್ಲಿ ‘ನಾನು’ ಅಂತ ಇತ್ತು. ಮಠದ ಮೆಟ್ಟಿಲು ಹತ್ತೋ ಹೊತ್ತಿಗೆ ಆ ‘ನಾನು’ ಮೆತ್ತಗೆ ಜಾರಿಕೊಂಡು ‘ಬದುಕಿರೋರು’ ಆಗಿತ್ತು.

ಮಠ ಅಂದ್ರೆ ಗೋಪುರ, ಆನೆ, ಕಾಣಿಕೆ ಹುಂಡಿ ಅಂತೆಲ್ಲ ನೆನೆಸ್ಕೋಬೇಡಿ. ಎರಡು ಕೋಣೆ, ಒಂದು ಜಗಲಿ. ಆ ಜಗಲಿ ಮೇಲೆ ಗುರುಗಳು ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿಚುಕ್ತಾ ಇದ್ರು. ಅವರೆ ಕಾಲದಲ್ಲಿ ಉಪದೇಶ ಬೇಕು ಅಂತ ಬಂದೋರೆಲ್ಲ ಮೊದಲು ಕಾಳು ಹಿಚುಕಬೇಕು. ಕೆಲವರು ಕಾಳು ಹಿಚುಕಿ ಹಿಚುಕಿ, ಕೇಳಬೇಕಾಗಿದ್ದನ್ನೇ ಮರೆತು ವಾಪಸ್ ಹೋಗಿದ್ದೂ ಉಂಟು. ಅವರೇ ಪುಣ್ಯವಂತರು ಅಂತ ಗುರುಗಳ ಅಭಿಪ್ರಾಯ.

“ಯಾರು ಸತ್ತೋರು, ಯಾರು ಬದುಕಿರೋರು?” ಅಂದ್ರು ಗುರುಗಳು. “ಹೆಸರು ಹೇಳು. ಹೆಸರಿಲ್ಲದ ಪ್ರಶ್ನೆಗೆಲ್ಲ ನಾನು ತಲೆ ಕೆಡಿಸ್ಕೊಳ್ಳಲ್ಲ. ಕೈ ತೊಳ್ಕೊಂಡು ಬಂದು ಇಲ್ಲಿ ಕೂತ್ಕೋ.”

ರಂಗಧಾಮ ಕೈ ತೊಳ್ಕೊಂಡು ಬಂದು ಕೂತ. ಒಂದು ಹಿಡಿ ಕಾಳು ತಗೊಂಡ. ಆಮೇಲೆ ಹೇಳಿದ.

ಸತ್ತೋರು ಮೇಲುಕುಂಟೆ ಪಾಪಣ್ಣ. ಕತೆ ಬರೀತಿದ್ದೋರು. ಊರು, ಸಂಸಾರ, ನೆಂಟರಿಷ್ಟರ ಕತೆ ಅಲ್ಲ. ಅವರು ತಮ್ಮದೇ ಒಂದು ನಾಡು ಹುಟ್ಟಿಸ್ಕೊಂಡಿದ್ರು. ಆ ನಾಡಲ್ಲಿ ಹೊಳೆಗಳನ್ನ ಎಮ್ಮೆ ಥರ ಮೇಯಿಸ್ತಾರೆ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಡ್ತಾರೆ, ಸಂಜೆ ಎಣಿಸಿ ಕಟ್ಟಿ ಹಾಕ್ತಾರೆ. ಕಳ್ಳರು ಬಂದು ಹೊಳೆ ಹೊಡ್ಕೊಂಡು ಹೋಗ್ತಾರೆ. ನಿಂಗಿ ಅನ್ನೋ ಒಬ್ಬಳು ಕೋಲು ಹಿಡ್ಕೊಂಡು, ಕೊರಳಿಗೆ ಗಂಟೆ ಕಟ್ಟಿದ ಹೊಳೆಗಳ ಹಿಂದೆ ಗುಡ್ಡ ಬೆಟ್ಟ ಅಲೀತಾಳೆ. ರಂಗಧಾಮನಿಗೆ ಅಕ್ಷರ ಬರೋಕೆ ಮುಂಚೆ ಈ ಕತೆಗಳು ಬಂದಿದ್ವು. ಓದಿ ಹೇಳ್ತಿದ್ದೋನು ಅವನ ಅಣ್ಣ ತಿಮ್ಮರಾಯಣ್ಣ. ಬಸ್ ಕಂಡಕ್ಟರ್. ಡ್ಯೂಟಿ ಮುಗಿಸ್ಕೊಂಡು ಬಂದು, ಖಾಕಿ ಅಂಗಿ ಬಿಚ್ಚೋಕೂ ಮುಂಚೆ, ತಮ್ಮನ್ನ ತೊಡೆ ಮೇಲೆ ಕೂರಿಸ್ಕೊಂಡು ಓದೋನು.

ಈಗ ತಿಮ್ಮರಾಯಣ್ಣನಿಗೆ ಸಕ್ಕರೆ ಕಾಯಿಲೇಲಿ ಎರಡೂ ಕಣ್ಣು ಹೋಗಿವೆ. ಪಾಪಣ್ಣನೂ ತೀರ್ಕೊಂಡ್ರು. ಅವರು ಮುಗಿಸದೆ ಬಿಟ್ಟಿದ್ದನ್ನೆಲ್ಲ ಮಗಳು ಒಟ್ಟು ಮಾಡಿ ಪುಸ್ತಕ ತಂದಿದ್ದಾರೆ. ರಂಗಧಾಮ ಅದನ್ನ ಕೊಂಡ್ಕೊಂಡು ಬಂದು ದಿನಾ ಸಂಜೆ ಅಣ್ಣನಿಗೆ ಓದಿ ಹೇಳ್ತಿದ್ದಾನೆ.

“ಓದೋಕೆ ಹೆಂಗಿದೆ?” ಅಂದ್ರು ಗುರುಗಳು.

“ಹೆಂಗಿದೆ ಅಂತ ಹೇಳ್ಲಿ ಗುರುಗಳೇ. ಮದುವೆ ಮನೆಗೆ ಹಿಂದಿನ ದಿನಾನೇ ಹೋದಂಗಿದೆ. ಚಪ್ಪರ ಅರ್ಧ ಆಗಿದೆ, ಹೆಣ್ಣು ತಲೆಗೆ ಎಣ್ಣೆ ಹಚ್ಕೊಂಡು ಕೂತಿದ್ದಾಳೆ. ಒಂದು ಕತೇಲಿ ರಾಜನ ಹೆಸರು ವೀರಭೂಪ, ಪುಟ ತಿರುಗಿಸಿದ್ರೆ ಅವನೇ ಧೀರಭೂಪ. ಇನ್ನೊಂದ್ರಲ್ಲಿ ಹೊಳೆಗಳ್ಳ ಮುಳುಗಿ ಸಾಯ್ತಾನೆ. ಅದರ ಪಕ್ಕದಲ್ಲೇ ಬೇರೆ ಥರ ಬರೆದಿದ್ದಾರೆ, ಅದರಲ್ಲಿ ಅವನೇ ಊರ ಪಟೇಲ. ಎರಡನ್ನೂ ಹಾಕಿದ್ದಾರೆ. ಕತೆ ಎಲ್ಲಿ ನಿಲ್ಲುತ್ತೋ ಅಲ್ಲಿ ಮಗಳು ಸಣ್ಣಕ್ಷರದಲ್ಲಿ, ‘ಅಪ್ಪ ಇಲ್ಲಿಗೆ ನಿಲ್ಲಿಸಿದ್ದಾರೆ’ ಅಂತ ಒಂದು ಸಾಲು ಬರೆದಿದ್ದಾರೆ.”

“ನಿಮ್ಮಣ್ಣ ಏನಂತಾನೆ?”

“ಅವನಿಗೆ ಭಾರಿ ಖುಷಿ. ‘ಪಾಪಣ್ಣ ಮೊದಲು ಟಿಕೆಟ್ ಹರಿದು ಆಮೇಲೆ ಎಲ್ಲಿಗೆ ಅಂತ ಕೇಳೋ ಗಿರಾಕಿ ಕಣೋ’ ಅಂತ ನಗ್ತಾನೆ. ಆದ್ರೆ ಗುರುಗಳೇ, ಅವನು ಕಾಯ್ತಿರೋದು ಕೊನೇ ಕತೆಗೆ. ನಿಂಗಿ ಕತೆಗೆ.”

ಆ ಕತೇಲಿ ನಿಂಗಿ ಎಲ್ಲಕ್ಕಿಂತ ಚಿಕ್ಕ ಹೊಳೇನ ಸಮುದ್ರಕ್ಕೆ ಕರ್ಕೊಂಡು ಹೋಗ್ತಾಳೆ. ಮರಳಿನ ಹತ್ರ ಬಂದು ಹೊಳೆ ನಿಂತುಬಿಡುತ್ತೆ. ‘ಒಳಗೆ ಹೋದ್ಮೇಲೆ ನಾನು ಯಾರು?’ ಅಂತ ಕೇಳುತ್ತೆ. ಆಮೇಲೆ, ‘ನಿಂಗಿ ಕೋಲು ಎತ್ತಿ’ ಅಂತ ಇದೆ. ಅಷ್ಟೇ. ಪುಟದ ಕೆಳಗೆಲ್ಲ ಖಾಲಿ.

ಪುಸ್ತಕ ತಂದ ದಿನಾನೇ ತಿಮ್ಮರಾಯಣ್ಣ ಅದನ್ನ ಕೈಗೆ ತಗೊಂಡು, ಸವರಿ, ತೂಕ ನೋಡಿ ಕೇಳಿದ್ದ: “ನಿಂಗಿ ಕತೆ ಪೂರ್ತಿ ಇದೆಯೇನೋ? ಮಿಕ್ಕಿದ್ದು ಹೆಂಗಾದ್ರೂ ಇರ್ಲಿ. ಪಾಪಣ್ಣ ಹೋದ್ರು ಅಂದಾಗ, ಇನ್ನು ಆ ಹುಡುಗಿ ಏನಾದ್ಲು ಅಂತ ತಿಳ್ಕೊಳ್ದೇನೇ ನಾನೂ ಹೋಗ್ತೀನಿ ಅಂದ್ಕೊಂಡಿದ್ದೆ.” ರಂಗಧಾಮ ಕೊನೇ ಪುಟ ತಿರುಗಿಸಿ ನೋಡೋ ತೊಂದರೇನೂ ತಗೊಳ್ದೆ, “ಪೂರ್ತಿ ಇದೆ ಅಣ್ಣ” ಅಂದುಬಿಟ್ಟಿದ್ದ. ಅವತ್ತಿಂದ ತಿಮ್ಮರಾಯಣ್ಣ ಊಟ ತಿಂಡಿ ವಿಷಯಕ್ಕೂ ರೇಗೋದು ಬಿಟ್ಟಿದ್ದ. ಅತ್ತಿಗೆ ಬಂದು, “ಅದೇನು ಪುಸ್ತಕ ತಂದೆಯಪ್ಪಾ, ಮನುಷ್ಯ ಮತ್ತೆ ಮನುಷ್ಯ ಆಗಿದ್ದಾರೆ” ಅಂದಿದ್ಲು.

“ಇವತ್ತು ಸಂಜೆ ಓದೋದು ಅದೇ ಕತೆ” ಅಂದ ರಂಗಧಾಮ. “ಅದಕ್ಕೆ ನಾನೇ ಒಂದು ಕೊನೆ ಬರೆದೆ. ನನ್ನ ಜೆರಾಕ್ಸ್ ಅಂಗಡೀಲಿ ಗಿರಾಕಿ ಇಲ್ಲದಾಗ, ಕೆಟ್ಟ ಹಾಳೆಗಳ ಹಿಂದುಗಡೆ.”

“ಚೆನ್ನಾಗಿದೆಯಾ?”

“ಪರವಾಗಿಲ್ಲ.” ಸ್ವಲ್ಪ ಹೊತ್ತು ಕಾಳು ಹಿಚುಕಿದ. “ನಿಜ ಹೇಳ್ಲಾ ಗುರುಗಳೇ? ಪಾಪಣ್ಣನೇ ಬರೆದಿದ್ರೂ ಇಷ್ಟು ಚೆನ್ನಾಗಿ ಬರ್ತಿತ್ತೋ ಇಲ್ವೋ.”

ಗುರುಗಳ ಬೆರಳ ಸಂದಿಯಿಂದ ಒಂದು ಬೇಳೆ ಪಚಕ್ಕಂತ ಹಾರಿ ರಂಗಧಾಮನ ಎದೆಗೆ ಬಡೀತು. ತಾನಾಗೇ ಹಾರಿದ್ದೋ, ಹಾರಿಸಿದ್ದೋ, ಹೇಳೋಕಾಗಲ್ಲ.

“ಕೇಳು” ಅಂತ ಗುರುಗಳು ಶುರು ಮಾಡಿದ್ರು.

ಒಂದೂರಲ್ಲಿ ಒಂದು ದೇವಸ್ಥಾನ. ಆ ದೇವಸ್ಥಾನಕ್ಕೆ ಒಬ್ಬ ಅಡುಗೆಯವನಿದ್ದ. ವರ್ಷಕ್ಕೊಂದು ಸಲ ಅಲ್ಲಿ ಊರಿಗೆಲ್ಲ ಸಂತರ್ಪಣೆ. ಅವತ್ತು ಆ ಅಡುಗೆಯವನು ಮಾಡೋ ಕುಂಬಳಕಾಯಿ ಹುಳಿ ಉಣ್ಣೋಕೆ ಅಂತಾನೇ ಸುತ್ತಮುತ್ತಲ ಊರೋರು ಬರ್ತಿದ್ರು. ದೇವರಿಗೂ ಇದು ಗೊತ್ತಿತ್ತು, ಬೇಜಾರು ಮಾಡ್ಕೊಂಡಿರಲಿಲ್ಲ.

ದೇವಸ್ಥಾನದ ಅಡುಗೆ ಅಂದ್ಮೇಲೆ ನೈವೇದ್ಯ ಆಗೋವರೆಗೆ ಯಾರೂ ರುಚಿ ನೋಡೋ ಹಂಗಿಲ್ಲ. ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದ್ರೂ ಇಡೀ ಕೊಪ್ಪರಿಗೆ ಎಂಜಲು. ಆ ಅಡುಗೆಯವನು ಹುಳಿ ಕುದಿಯೋದನ್ನ ನೋಡ್ತಿದ್ದ. ಉಪ್ಪಿನ ಮರಿಗೆಗೆ ಕೈ ಹಾಕ್ತಿದ್ದ. ಉಪ್ಪು ಹಾಕ್ತಿದ್ದ. ಕೈ ತೊಳ್ಕೋತಿದ್ದ. ಅಷ್ಟೇ ಅವನ ಲೆಕ್ಕ. ಒಂದು ವರ್ಷಾನೂ ಹೆಚ್ಚು ಕಮ್ಮಿ ಆಗಿರಲಿಲ್ಲ.

ಒಂದು ಸಲ ಸಂತರ್ಪಣೆ ದಿನ. ಬೇಳೆ ಬೆಂದಿತ್ತು. ಹೋಳು ಬಿದ್ದಿತ್ತು. ಹುಣಸೆ ರಸ, ರುಬ್ಬಿದ ಖಾರ ಎಲ್ಲ ಬಿದ್ದು ಕೊಪ್ಪರಿಗೆ ಕುದೀತಾ ಇತ್ತು. ಅಡುಗೆಯವನು ಎದೆ ಹಿಡ್ಕೊಂಡು ಗೋಡೆಗೆ ಒರಗಿದ. ಮಾತು ನಿಂತು ಹೋಯ್ತು. ಒಬ್ಬ ಗಾಡಿಯವನು ಅವನನ್ನ ಗಾಡಿ ಮೇಲೆ ಮಲಗಿಸ್ಕೊಂಡು ಪಕ್ಕದೂರಿನ ಪಂಡಿತರ ಹತ್ರ ಹೊರಟ. ಊರ ಗಡಿ ದಾಟಿದ ಮೇಲೆ ಅಡುಗೆಯವನ ಜೀವ ಹೋಯ್ತು. ಊರೊಳಗೇ ಹೋಗಿದ್ರೆ ದೇವಸ್ಥಾನದ ಬಾಗಿಲು ಹಾಕಬೇಕಿತ್ತು, ಮಾಡಿದ ಅಡುಗೆಯೆಲ್ಲ ಚೆಲ್ಲಬೇಕಿತ್ತು. ಉಣ್ಣೋಕೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸಬಾರದು ಅಂತ ಅಷ್ಟು ದೂರ ತಡ್ಕೊಂಡ ಅಂತ ಕಾಣುತ್ತೆ. ಅಂಥ ಅಡುಗೆಯವನು.

ಸುದ್ದಿ ಬಂತು. ಕೊಪ್ಪರಿಗೆ ಮುಂದೆ ಉಳಿದವನು ಅವನ ಶಿಷ್ಯ. ಕೈಕೆಳಗೆ ಕೆಲಸ ಕಲೀತಾ ಕಲೀತಾ ಅವನ ತಲೇನೂ ಬೆಳ್ಳಗಾಗಿತ್ತು. ಅವನು ಅಳಲಿಲ್ಲ. ಅಳೋಕೆ ಪುರುಸೊತ್ತು ಇರಲಿಲ್ಲ. ಅವನ ತಲೇಲಿ ಒಂದೇ ಪ್ರಶ್ನೆ. ಹುಳಿಗೆ ಉಪ್ಪು ಬಿದ್ದಿದೆಯಾ, ಇಲ್ವಾ?

ಮರಿಗೆ ಮುಚ್ಚಳ ತೆಗೆದಿತ್ತು. ಹಾಕೋಕೆ ತೆಗೆದಿದ್ನಾ, ಹಾಕಿದ್ಮೇಲೆ ಮುಚ್ಚೋಕೆ ಆಗಲಿಲ್ವಾ? ಗುರುವಿನ ಕೈ ಒದ್ದೆ ಇದ್ದಿದ್ದು ಅವನಿಗೆ ನೆನಪಿತ್ತು. ಆದ್ರೆ ಆ ಮನುಷ್ಯ ಉಪ್ಪು ಮುಟ್ಟೋಕೆ ಮುಂಚೇನೂ ಕೈ ತೊಳೀತಿದ್ದ, ಮುಟ್ಟಿದ ಮೇಲೂ ತೊಳೀತಿದ್ದ. ಮರಿಗೆ ಒಳಗೆ ಇಣುಕಿದ. ಉಪ್ಪು ಕಮ್ಮಿ ಆಗಿರೋ ಹಂಗೂ ಕಾಣ್ತು, ಆಗದೇ ಇರೋ ಹಂಗೂ ಕಾಣ್ತು. ರುಚಿ ನೋಡೋ ಹಂಗಿಲ್ಲ.

ಶಿಷ್ಯ ಯೋಚನೆ ಮಾಡಿದ. ‘ಇವತ್ತು ಹುಳಿ ಸಪ್ಪೆ ಆದ್ರೆ, ಮುದುಕನ ಕೈ ಸೋತಿತ್ತು ಅಂತಾರೆ ಜನ. ಬದುಕಿಡೀ ಕಾಪಾಡಿಕೊಂಡ ಹೆಸರು. ಅದು ಹೋಗಬಾರದು.’ ಮರಿಗೆಗೆ ಕೈ ಹಾಕಿದ. ಗುರು ಹೆಂಗೆ ತೆಗೀತಿದ್ನೋ ಹಂಗೇ ತೆಗೆದ, ಹೆಂಗೆ ಉದುರಿಸ್ತಿದ್ನೋ ಹಂಗೇ ಉದುರಿಸಿದ. ಉದುರಿಸೋವಾಗ ಅವನಿಗೆ ಮೈ ಜುಮ್ಮಂತು. ತನ್ನ ಕೈ ಥೇಟ್ ಗುರುವಿನ ಕೈ ಥರಾನೇ ಆಡ್ತಿದೆ ಅನ್ನಿಸ್ತು. ಕೈ ತೊಳ್ಕೊಂಡ. ಯಾರಿಗೂ ಹೇಳಲಿಲ್ಲ.

“ಸರಿಯಾಗೇ ಮಾಡಿದ್ನಲ್ಲ ಗುರುಗಳೇ” ಅಂದ ರಂಗಧಾಮ.

“ಹೂಂ. ನೀನು ಕಾಳು ಹಿಚುಕು, ಮಾತು ಜಾಸ್ತಿ ಆಯ್ತು” ಅಂದ್ರು ಗುರುಗಳು.

ಶಿಷ್ಯ ಎಲೆ ತೊಳೆಯೋರನ್ನ ನೋಡ್ಕೊಂಡು ಬರೋಕೆ ಹೊರಗೆ ಹೋದ. ಆಗ ಒಳಗೆ ಬಂದವನು ಸಂತರ್ಪಣೆ ಮಾಡಿಸ್ತಿದ್ದ ಸಾಹುಕಾರ. ಅವನೂ ತೆರೆದ ಮರಿಗೆ ನೋಡಿದ. ‘ಅಯ್ಯಯ್ಯೋ, ಉಪ್ಪು ಹಾಕೋ ಮುಂಚೇನೇ ಹೋಗಿಬಿಟ್ಟಿದ್ದಾನೆ’ ಅಂದ್ಕೊಂಡ. ಅವನಿಗೆ ಅಡುಗೆಯವನ ಹೆಸರಿನ ಚಿಂತೆ ಇರಲಿಲ್ಲ, ತನ್ನ ಹೆಸರಿನ ಚಿಂತೆ ಇತ್ತು. ಜನ್ಮದಲ್ಲಿ ಅಡುಗೆ ಮನೆ ಕಡೆ ತಲೆ ಹಾಕದವನು ಬೊಗಸೆ ತುಂಬಾ ಉಪ್ಪು ಎತ್ತಿ ಸುರಿದ. ಅವನೂ ಯಾರಿಗೂ ಹೇಳಲಿಲ್ಲ.

ಆಮೇಲೆ ನೈವೇದ್ಯಕ್ಕೆ ತಗೊಂಡು ಹೋಗೋಕೆ ಪೂಜಾರಿ ಬಂದ. ಅಡುಗೆಯವನು ಅವನ ಸ್ನೇಹಿತ. ಒಂದು ನಿಮಿಷ ಕೊಪ್ಪರಿಗೆ ಮುಂದೆ ನಿಂತು ಕಣ್ಣು ಒರೆಸ್ಕೊಂಡ. ‘ಏನೋ ಪಾಪ, ಮುಗಿಸೋಕಾಗದೇ ಹೋದ’ ಅಂದ್ಕೊಂಡು ಅವನೂ ಒಂದು ಹಿಡಿ ಹಾಕಿದ.

ನೈವೇದ್ಯ ಆಯ್ತು. ಪಂಕ್ತಿ ಕೂತಿತು. ಎಲೆ ಹಾಕಿದ್ರು. ಎಂದಿನ ಹಂಗೆ ಮೊದಲು ಎಲೆ ತುದಿಗೆ ಉಪ್ಪು ಬಡಿಸ್ಕೊಂಡು ಹೋದ್ರು. ಆಮೇಲೆ ಪಲ್ಯ, ಕೋಸಂಬರಿ, ಅನ್ನ. ಹುಳಿ ಬಂತು. ಪಂಕ್ತೀಲಿ ಎಲ್ಲಾರೂ ತಲೆ ಬಗ್ಗಿಸಿ ಕಲಸಿದ್ರು, ಬಾಯಿಗಿಟ್ರು.

ಯಾರೂ ಏನೂ ಅನ್ನಲಿಲ್ಲ. ಸತ್ತವನ ಅಡುಗೆ, ಏನು ಅಂತಾರೆ? ನೀರು ಕುಡಿದ್ರು. ಹುಳಿ ಕಲಸಿದ ಅನ್ನಾನ ಪಕ್ಕಕ್ಕೆ ಸರಿಸಿ ಮಜ್ಜಿಗೆ ಕೇಳಿದ್ರು. ಕೈ ತೊಳೆಯೋ ಹತ್ರ ಮಾತ್ರ, “ಪಾಪ, ಕೊನೇಗಾಲಕ್ಕೆ ಕೈ ತಪ್ಪಿತ್ತು” ಅಂತ ಒಬ್ಬರಿಗೊಬ್ಬರು ಹೇಳ್ಕೊಂಡ್ರು.

ಶಿಷ್ಯನಿಗೆ ಆ ಮಾತು ಕೇಳಿಸ್ತು. ಸಾಹುಕಾರನಿಗೂ ಕೇಳಿಸ್ತು, ಪೂಜಾರಿಗೂ ಕೇಳಿಸ್ತು. ಒಬ್ಬೊಬ್ಬನೂ ತನ್ನೊಳಗೇ, ‘ಅವನು ಮೊದಲೇ ಹಾಕಿದ್ದ, ನಾನು ಹಾಳು ಮಾಡಿದೆ’ ಅಂದ್ಕೊಂಡ. ಮೂವರೂ ಬಾಯಿ ಬಿಡಲಿಲ್ಲ.

ಕೊನೇ ಪಂಕ್ತೀಲಿ ಆ ಗಾಡಿಯವನು ಬಂದು ಕೂತ. ಹೆಣಾನ ಊರ ಗಡಿಯಾಚೆಗೇ ಅವರ ಮನೆಯವರಿಗೆ ಒಪ್ಪಿಸಿ, ಹೊಳೇಲಿ ತಲೆ ಮೇಲೆ ನೀರು ಹುಯ್ಕೊಂಡು, ಒದ್ದೆ ಪಂಚೇಲೇ ಬಂದಿದ್ದ. ಶಿಷ್ಯನೇ ಅವನಿಗೆ ಬಡಿಸಿದ. ಗಾಡಿಯವನು ಒಂದು ತುತ್ತು ತಿಂದು ಕೈ ನಿಲ್ಲಿಸಿದ.

“ಯಾಕಣ್ಣ, ಹುಳಿ ಬಿಟ್ಟೆ?” ಅಂದ ಶಿಷ್ಯ.

“ಉಪ್ಪಾಗಿದೆ ಕಣಪ್ಪ.”

“ಸಪ್ಪೆ ಆಗಿದ್ರೆ ತಿಂತಿದ್ಯಾ?” ಶಿಷ್ಯನ ದನಿ ಸ್ವಲ್ಪ ಗಡುಸಾಗೇ ಬಂತು.

ಗಾಡಿಯವನಿಗೆ ಈ ಪ್ರಶ್ನೆ ಯಾಕೆ ಅಂತ ತಿಳೀಲಿಲ್ಲ. ಎಲೆ ತುದಿ ತೋರಿಸಿದ. “ಇಲ್ಲಿ ಬಡಿಸಿದ್ದೀಯಲ್ಲ ಉಪ್ಪು, ಕಲಸ್ಕೊಂಡು ತಿಂತಿದ್ದೆ. ಬೆಳಿಗ್ಗೆಯಿಂದ ಅವರ ತಲೇನ ತೊಡೆ ಮೇಲೆ ಇಟ್ಕೊಂಡಿದ್ದೆ. ಅವರ ಕೈಯಡುಗೆ ಒಂದು ತುತ್ತು ಉಂಡು ಹೋಗೋಣ ಅಂತ ಬಂದೆ. ಇದ್ರೊಳಗೆ ಸೇರಿರೋದನ್ನ ಹೆಂಗಪ್ಪ ತೆಗೀಲಿ?”

ಶಿಷ್ಯ ಬಕೆಟ್ ಕೆಳಗಿಟ್ಟು ಅವನಿಗೆ ಮಜ್ಜಿಗೆ ತರೋಕೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿ, ಹಿಚುಕಿದ ಬೇಳೇನ ಒಂದು ಕಡೆ, ಸಿಪ್ಪೇನ ಇನ್ನೊಂದು ಕಡೆ ಮಾಡೋಕೆ ಶುರು ಮಾಡಿದ್ರು. ರಂಗಧಾಮ ಕಾದ. ಕತೆ ಮುಂದೆ ಹೋಗೋ ಲಕ್ಷಣ ಕಾಣಲಿಲ್ಲ.

“ಗುರುಗಳೇ, ಕೊನೆಗೂ ಆ ಅಡುಗೆಯವನು ಉಪ್ಪು ಹಾಕಿದ್ನಾ, ಇಲ್ವಾ?”

“ನನ್ನ ಏನು ಕೇಳ್ತೀಯ? ಅದನ್ನ ಹೇಳೋಕೆ ಆಗ್ತಿದ್ದಿದ್ದು ಆ ಹುಳಿಗೆ ಮಾತ್ರ. ಅದರ ಬಾಯಿ ಮೂರು ಜನ ಸೇರಿ ಮುಚ್ಚಿದ್ರಲ್ಲ.”

ರಂಗಧಾಮನಿಗೆ ರೇಗಿತು. ಕತೆ ಅವನಿಗೆ ಅರ್ಥ ಆಗಿತ್ತು, ರೇಗಿದ್ದು ಅದಕ್ಕೇ. ಜೇಬಲ್ಲಿ ಮಡಿಸಿಟ್ಟಿದ್ದ ಹಾಳೆಗಳು ಎದೆಗೆ ಚುಚ್ಚಿದಂಗಾಯ್ತು. ಅವನು ಬರೆದ ಕೊನೇಲಿ ನಿಂಗಿ ಕೋಲು ಎತ್ತಿ ಸಮುದ್ರಕ್ಕೇ ಒಂದು ಏಟು ಕೊಡ್ತಾಳೆ. ಸಮುದ್ರ ಹೆದರಿ, ಚಿಕ್ಕ ಹೊಳೆಗೆ ತನ್ನೊಳಗೇ ಬೇರೆ ಒಂದು ದಾರಿ ಬಿಟ್ಟುಕೊಡುತ್ತೆ. ಎಂಥಾ ಕೊನೆ! ಅಣ್ಣ ಇದನ್ನ ಕೇಳಿ ತೊಡೆ ತಟ್ಟಿ, ‘ಪಾಪಣ್ಣ ಅಂದ್ರೆ ಪಾಪಣ್ಣ ಕಣೋ’ ಅನ್ನೋದನ್ನ ಅವನು ಅಂಗಡೀಲಿ ಕೂತು ಎಷ್ಟೋ ಸಲ ಕೇಳಿಸ್ಕೊಂಡಾಗಿತ್ತು. ಆ ಹೊಗಳಿಕೆ ಪಾಪಣ್ಣನಿಗೆ ಹೋದ್ರೂ ಪರವಾಗಿಲ್ಲ, ಕೇಳೋ ಕಿವಿ ತನ್ನದು ತಾನೇ ಅಂತ ಸಮಾಧಾನಾನೂ ಮಾಡ್ಕೊಂಡಾಗಿತ್ತು.

ಆದ್ರೆ ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ಅದು ಈಗ ಮೇಲೆ ಬಂತು.

“ಕತೆ ಚೆನ್ನಾಗಿದೆ ಗುರುಗಳೇ, ಆದ್ರೆ ನನ್ನ ಕಷ್ಟ ಬೇರೆ” ಅಂದ. “ಕಣ್ಣಿರೋರು ಆ ಪುಸ್ತಕ ಓದಿದ್ರೆ ಅವರಿಗೆ ಖಾಲಿ ಪುಟ ಕಾಣುತ್ತೆ. ಇಲ್ಲಿಗೆ ನಿಂತಿದೆ ಅಂತ ಅವರೇ ನೋಡ್ತಾರೆ. ಬೇಜಾರು ಮಾಡ್ಕೋತಾರೆ, ಇನ್ನೊಂದು ಸಲ ಹಿಂದಕ್ಕೆ ಹೋಗಿ ಓದ್ತಾರೆ, ಬೇಕಾದ್ರೆ ಮುಂದಿಂದು ತಾವೇ ಕಟ್ಕೋತಾರೆ. ನಮ್ಮಣ್ಣಂಗೆ ಆ ಪುಟ ಇಲ್ಲ. ಅವನಿಗಿರೋದು ನನ್ನ ದನಿ ಒಂದೇ. ನಾನು ‘ಕೋಲು ಎತ್ತಿ’ ಅಂತ ಹೇಳಿ ಬಾಯಿ ಮುಚ್ಚಿದ್ರೆ, ಅವನು ಆ ಕತ್ತಲಲ್ಲಿ ಮುಖ ಇತ್ತ ತಿರುಗಿಸಿ ಕಾಯ್ತಾ ಕೂತಿರ್ತಾನೆ. ‘ಆಮೇಲೆ?’ ಅಂತಾನೆ. ಆ ಮುಖ ನೋಡ್ಕೊಂಡು ನಾನು, ಆಮೇಲೆ ಏನಿಲ್ಲ ಅಣ್ಣ, ನಾನು ಅವತ್ತು ನೋಡದೇನೇ ಪೂರ್ತಿ ಇದೆ ಅಂದೆ ಅಂತ ಹೇಳಬೇಕು. ನಂಗೆ ಅಕ್ಷರ ಬರದೇ ಇದ್ದಾಗ ಅವನು ಒಂದು ದಿನಾನೂ ಅರ್ಧಕ್ಕೆ ಪುಸ್ತಕ ಮುಚ್ಚಿದೋನಲ್ಲ. ಈಗ ಅವನಿಗೆ ಕಣ್ಣಿಲ್ಲದಾಗ, ಅವನ ಎಲೆಗೆ ನಾನು ಅರ್ಧ ಬೆಂದಿದ್ದನ್ನ ಬಡಿಸಿ ಎದ್ದು ಬರ್ಲಾ?”

ಅವನ ಕೈಲಿದ್ದ ಕಾಳು ಸಿಪ್ಪೆ ಸಮೇತ ಜಜ್ಜಿ ಹೋಗಿತ್ತು. ಅದನ್ನ ನೋಡಿದ. ಎಲ್ಲಿ ಹಾಕೋದು ಅಂತ ಗೊತ್ತಾಗದೆ ಹಂಗೇ ಹಿಡ್ಕೊಂಡಿದ್ದ.

ಗುರುಗಳು ಅವನ ಕೈಯಿಂದ ಆ ಕಾಳು ತಗೊಂಡು ಸಿಪ್ಪೆ ಗುಡ್ಡೆಗೆ ಎಸೆದ್ರು. ಹೆಗಲ ಮೇಲಿನ ಬಟ್ಟೇಲಿ ಕೈ ಒರೆಸ್ಕೊಂಡ್ರು. ಆಮೇಲೆ ಒಂದೇ ಒಂದು ಮಾತು ಹೇಳಿದ್ರು. ಅದನ್ನ ಕೇಳಿದ ರಂಗಧಾಮ ಜೇಬಲ್ಲಿದ್ದ ಹಾಳೆಗಳನ್ನ ಒಂದು ಸಲ ಮುಟ್ಟಿ ನೋಡ್ಕೊಂಡು, ಎದ್ದು ಬಸ್ ಸ್ಟಾಂಡ್ ಕಡೆ ಹೊರಟ.

“ಹೋಗಿರೋದು ನಿಮ್ಮಣ್ಣನ ಕಣ್ಣು ಕಣಯ್ಯ, ನಾಲಿಗೆ ಅಲ್ಲ.”